ಮೈನಸ್ ಇದ್ದರೂ ಬಲಕ್ಕೆ ಯಾಕೆ? ಸಿಗ್ನಲ್ ಸರಿಸುವುದು, ತಿರುಗಿಸುವುದು ಹೀಗೆ

ಸಿಗ್ನಲ್ ಪಾಠ ಶುರು ಮಾಡಿದವರು ಬೇಗನೆ ಎಡವುವ ಜಾಗ ಇದು. ಸಿಗ್ನಲ್ ಅಂದರೆ ಕಾಲ ಕಳೆದ ಹಾಗೆ ಬದಲಾಗುವ ಬೆಲೆ, ಧ್ವನಿಯ ಹಾಗೆ. ಎಕ್ಸ್(ಟಿ) ಅಂತ ಒಂದು ಸಿಗ್ನಲ್ ಇದೆ. ಟಿ ಅಂದರೆ ಕಾಲ. ಈಗ ಎಕ್ಸ್(ಟಿ − 2) ಅಂತ ಬರೆದರೆ ಗ್ರಾಫ್ ಯಾವ ಕಡೆ ಹೋಗುತ್ತದೆ? ಮೈನಸ್ ಇದೆ, ಎಡಕ್ಕೇ ಹೋಗಬೇಕು ಅನಿಸುತ್ತದೆ ಅಲ್ವಾ? ಆದರೆ ಅದು ಬಲಕ್ಕೆ ಹೋಗುತ್ತದೆ.

"ಮೈನಸ್ ಅಂದ್ರೆ ಬಲ, ಪ್ಲಸ್ ಅಂದ್ರೆ ಎಡ" ಅಂತ ಬಾಯಿಪಾಠ ಮಾಡಿಕೊಂಡರೆ ಸ್ವಲ್ಪ ದೂರ ಗಾಡಿ ಓಡುತ್ತದೆ. ತಿರುಗಿಸುವುದೂ (ಎಡ-ಬಲ ಅದಲು ಬದಲು ಮಾಡುವುದು) ಜೊತೆಗೆ ಸೇರಿದ ಕೂಡಲೇ ಅದು ಕೈಕೊಡುತ್ತದೆ. ಬಾಯಿಪಾಠದ ಬದಲು ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಬ್ರಾಕೆಟ್ ಒಳಗಿರುವುದು ಯಾವಾಗ ಸೊನ್ನೆ ಆಗುತ್ತದೆ?

ಮೊದಲು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ

ಒಂದು ಪುಟ್ಟ ಸಿಗ್ನಲ್ ಬರೆಯೋಣ. ಟಿ 0 ಆದಾಗ ಬೆಲೆ 5, ಟಿ 1 ಆದಾಗ 3, ಟಿ 2 ಆದಾಗ 1. ಉಳಿದ ಕಡೆಯೆಲ್ಲ ಸೊನ್ನೆ. ಇಳಿಯುವ ಮೂರು ಮೆಟ್ಟಿಲಿನ ಹಾಗೆ. ಎಡ, ಬಲ ಎರಡೂ ಒಂದೇ ಥರ ಇರುವ ಸಿಗ್ನಲ್ ಅಭ್ಯಾಸಕ್ಕೆ ಬೇಡ. ಕೊಸೈನ್ ಅಲೆಯನ್ನು ತಿರುಗಿಸಿದರೂ ಅದು ಹಾಗೇ ಇರುತ್ತದೆ, ತಪ್ಪು ಮಾಡಿದ್ದು ಗೊತ್ತೇ ಆಗುವುದಿಲ್ಲ.

ಸರಿಸುವುದು

ಎಕ್ಸ್(ಟಿ − 2) ಬರೆಯಿರಿ. ಬ್ರಾಕೆಟ್ ಒಳಗೆ ಸೊನ್ನೆ ಬರುವುದು ಟಿ 2 ಆದಾಗ. ಮೊದಲು ಸೊನ್ನೆಯಲ್ಲಿದ್ದ 5 ಈಗ 2ಕ್ಕೆ ಬಂತು. ಅದರ ಹಿಂದೆ 3 ಹೋಗಿ 3ರಲ್ಲಿ, 1 ಹೋಗಿ 4ರಲ್ಲಿ ಕೂತವು. ಇಡೀ ಸಿಗ್ನಲ್ ಎರಡು ಹೆಜ್ಜೆ ತಡವಾಯಿತು. ತಡ ಅಂದರೆ ಕಾಲದ ಗೆರೆಯ ಮೇಲೆ ಬಲಕ್ಕೆ. ಇನ್ನೊಂದು ರೀತಿ ನೋಡಿ: ಹೊಸ ಸಿಗ್ನಲ್ ಪ್ರತಿ ಕ್ಷಣವೂ ಹಳೆಯದನ್ನು ಕೇಳುತ್ತದೆ, "ಎರಡು ಸೆಕೆಂಡು ಹಿಂದೆ ನೀನು ಎಷ್ಟಿದ್ದೆ?" ಆ ಮೈನಸ್ 2 ಇರುವುದು ಹಿಂದಕ್ಕೆ ತಿರುಗಿ ನೋಡುವುದಕ್ಕೆ.

ಪ್ರತಿಧ್ವನಿ ಇದೇ ಕೆಲಸ. ನೀವು ನಿಂತ ಜಾಗದಿಂದ ಗೋಡೆ 34.3 ಮೀಟರ್ ದೂರ ಇದೆ ಅನ್ನಿ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹೋಗಿ ಬರಲು 68.6 ಮೀಟರ್, ಅಂದರೆ 0.2 ಸೆಕೆಂಡು. ಗೋಡೆಯಿಂದ ವಾಪಸ್ ಬರುವಾಗ ಸದ್ದು ಅರ್ಧ ಆಗಿದೆ ಅಂತ ಇಟ್ಟುಕೊಂಡರೆ, ನಿಮ್ಮ ಕಿವಿಗೆ ಬೀಳುವುದು ಎಕ್ಸ್(ಟಿ) + 0.5 ಎಕ್ಸ್(ಟಿ − 0.2). ಕಂಪ್ಯೂಟರಿನಲ್ಲಿ ಇದನ್ನೇ ಮಾಡುವುದಾದರೆ, ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಬಿಡಿ ಬಿಡಿ ಅಳತೆ) ಇರುವ ಸಿ.ಡಿ. ಗುಣಮಟ್ಟದ ಧ್ವನಿಯನ್ನು 8,820 ಸ್ಯಾಂಪಲ್ ಸರಿಸಿ, ಅರ್ಧ ಮಾಡಿ, ಮೂಲಕ್ಕೆ ಕೂಡಿದರೆ ಆಯಿತು.

ಎಕ್ಸ್(ಟಿ + 2) ಇದ್ದರೆ ಸಿಗ್ನಲ್ ಎಡಕ್ಕೆ ಸರಿಯುತ್ತದೆ, ಎರಡು ಹೆಜ್ಜೆ ಬೇಗ ಬರುತ್ತದೆ. ಇನ್ನೂ ಬಾರದ ಧ್ವನಿ ಬೇಕಾಗುವುದರಿಂದ ನೇರ ಪ್ರಸಾರದಲ್ಲಿ ಇದು ಆಗದ ಮಾತು. ರೆಕಾರ್ಡ್ ಆಗಿರುವ ಧ್ವನಿಯಲ್ಲಿ ಧಾರಾಳವಾಗಿ ಮಾಡಬಹುದು.

ತಿರುಗಿಸುವುದು

ಎಕ್ಸ್(−ಟಿ) ಅಂದರೆ ಸೊನ್ನೆಯ ಹತ್ತಿರ ಕನ್ನಡಿ ಹಿಡಿದ ಹಾಗೆ. ನಮ್ಮ 5 ಸೊನ್ನೆಯಲ್ಲೇ ಇರುತ್ತದೆ, 3 ಹೋಗಿ −1ರಲ್ಲಿ, 1 ಹೋಗಿ −2ರಲ್ಲಿ ಕೂರುತ್ತವೆ. ಇಳಿಯುತ್ತಿದ್ದ ಮೆಟ್ಟಿಲು ಈಗ ಹತ್ತುವ ಮೆಟ್ಟಿಲು.

ಕೇಳಿ ನೋಡಬೇಕು ಅನಿಸಿದರೆ ಯಾವುದಾದರೂ ಆಡಿಯೊ ಎಡಿಟರ್‌ನಲ್ಲಿ ಡ್ರಮ್ಮಿನ ಒಂದೇ ಏಟನ್ನು ಉಲ್ಟಾ ಮಾಡಿ. ಧಡ್ ಅಂತ ಶುರುವಾಗಿ ಮೆಲ್ಲಗೆ ಕರಗುತ್ತಿದ್ದ ಸದ್ದು, ಈಗ ಎಲ್ಲಿಂದಲೋ ಉಬ್ಬಿಕೊಂಡು ಬಂದು ಥಟ್ಟನೆ ನಿಲ್ಲುತ್ತದೆ. ಅದು ಡ್ರಮ್ ಅಂತ ಗುರುತೇ ಸಿಗದಷ್ಟು ಬದಲಾಗುತ್ತದೆ. ಆದರೆ ಅದರಲ್ಲಿ ಯಾವ ಆವರ್ತನ ಎಷ್ಟಿದೆ ಎಂಬ ಲೆಕ್ಕ ಚೂರೂ ಬದಲಾಗಿಲ್ಲ! ಬದಲಾಗಿರುವುದು ಅವುಗಳ ಫೇಸ್ ಮಾತ್ರ, ಅಂದರೆ ಪ್ರತಿ ಅಲೆ ತನ್ನ ಸುತ್ತಿನಲ್ಲಿ ಎಲ್ಲಿಂದ ಶುರುವಾಗುತ್ತದೆ ಅನ್ನುವುದು. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಎರಡೂ ಒಟ್ಟಿಗೆ ಬಂದಾಗ

ಎಕ್ಸ್(3 − ಟಿ) ಬಿಡಿಸೋಣ. ಜಾಸ್ತಿ ತಪ್ಪಾಗುವುದು ಇಲ್ಲೇ, ನಿಧಾನವಾಗಿ ಹೋಗಿ. ಮೊದಲು ತಿರುಗಿಸಿದಿರಿ: 5 ಸೊನ್ನೆಯಲ್ಲಿ, 3 ಮತ್ತು 1 ಅದರ ಎಡಕ್ಕೆ. ಆಮೇಲೆ "ಪ್ಲಸ್ 3 ಇದೆ" ಅಂತ ಎಡಕ್ಕೆ ಸರಿಸಿದಿರೋ, ಉತ್ತರ ಕೆಟ್ಟಿತು. ಒಳಗಿರುವುದನ್ನು −(ಟಿ − 3) ಅಂತ ಬರೆದುಕೊಳ್ಳಿ. ತಿರುಗಿಸಿದ ಮೇಲೆ ಟಿ ಜಾಗಕ್ಕೆ ಟಿ − 3 ಬಂದಿದೆ, ಹಾಗಾಗಿ ಮೂರು ಹೆಜ್ಜೆ ಬಲಕ್ಕೆ.

ಮೊದಲು ಸರಿಸುವ ದಾರಿಯೂ ಇದೆ. ಆಗ ಎಕ್ಸ್(ಟಿ + 3) ಮಾಡಿ ಎಡಕ್ಕೆ ಒಯ್ದು, ಆಮೇಲೆ ತಿರುಗಿಸಬೇಕು. ಎರಡು ದಾರಿಯಲ್ಲೂ ಸಿಗುವುದು ಒಂದೇ: 1ರಲ್ಲಿ 1, 2ರಲ್ಲಿ 3, 3ರಲ್ಲಿ 5. ಅನುಮಾನ ಬಂದರೆ ಮತ್ತೆ ಅದೇ ಪ್ರಶ್ನೆ ಕೇಳಿ. ಒಳಗೆ ಸೊನ್ನೆ ಬರುವುದು ಟಿ 3 ಆದಾಗ, ಅಂದರೆ 5 ಅಲ್ಲೇ ಇರಬೇಕು. ಇದೆ.

ಇಷ್ಟೆಲ್ಲ ಯಾಕೆ ಬೇಕು?

ಮುಂದೆ ಕನ್ವಲ್ಯೂಷನ್ ಬರುತ್ತದೆ, ಅಂದರೆ ಒಂದು ವ್ಯವಸ್ಥೆಗೆ ಸಿಗ್ನಲ್ ಕೊಟ್ಟರೆ ಹೊರಗೆ ಏನು ಬರುತ್ತದೆ ಅಂತ ಲೆಕ್ಕ ಹಾಕುವ ವಿಧಾನ. ಅದರಲ್ಲಿ ಎಚ್(ಟಿ − ಕೆ) ಅಂತ ಇರುತ್ತದೆ. ಎಚ್ ಅಂದರೆ ಒಂದೇ ಒಂದು ಚಿಕ್ಕ ಏಟಿಗೆ ಆ ವ್ಯವಸ್ಥೆ ಕೊಡುವ ಉತ್ತರ. ಅಲ್ಲಿ ಟಿ ನಿಂತಲ್ಲೇ ಇದ್ದು ಕೆ ಬದಲಾಗುತ್ತಾ ಹೋಗುತ್ತದೆ, ಎಕ್ಸ್(3 − ಟಿ) ಹಾಗೆಯೇ. ಹಾಗಾಗಿ ಎಚ್ ತಿರುಗಿಯೂ ಇದೆ, ಸರಿದೂ ಇದೆ. ಸುಮ್ನೆ ಯಾಕೆ ತಿರುಗಿಸಬೇಕು ಅಂತ ಕೇಳುವವರು ತುಂಬಾ ಜನ. ಮೇಲಿನ ಗೋಡೆಯನ್ನೇ ನೋಡಿ. ಅದರ ಎಚ್‌ನಲ್ಲಿ ಸೊನ್ನೆ ಸೆಕೆಂಡಿಗೆ 1, ಅದರ ಬಲಕ್ಕೆ 0.2 ಸೆಕೆಂಡಿಗೆ 0.5 ಇದೆ. 1ನೇ ಸೆಕೆಂಡಿನಲ್ಲಿ ನಿಮಗೆ ಕೇಳಿಸುವುದೇನು? ಆಗಷ್ಟೇ ಹೊರಟ ಸದ್ದು ಪೂರ್ತಿ, 0.8ನೇ ಸೆಕೆಂಡಿನಲ್ಲಿ ಹೊರಟಿದ್ದು ಅರ್ಧ. ಹಳೆಯ ಸದ್ದು ಕಾಲದ ಗೆರೆಯಲ್ಲಿ ಎಡಕ್ಕೆ ಇರುವುದರಿಂದ, ಎಚ್‌ನ ಬಲದಲ್ಲಿದ್ದ ಆ 0.5 ಅದರ ಮೇಲೆ ಕೂರಲು ಎಡಕ್ಕೆ ತಿರುಗಲೇಬೇಕು.