ಆರ್‌ಎಕ್ಸ್ 100 ಇಂಜಿನ್ನಿಗೆ ಹೆಚ್ಚಿನ ಶಕ್ತಿ: ಎಲ್ಲಿ ಅರ ಹಾಕಬೇಕು, ಎಲ್ಲಿ ಕೈ ಹಚ್ಚಬಾರದು

ಯಮಹಾದ ಟೂ ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100 ತಯಾರಾದದ್ದು 1985ರಿಂದ 1996ರ ತನಕ. ಇವತ್ತು ಮಂಗಳೂರು, ಉಡುಪಿ ಕಡೆ ಓಡುವ ಅತಿ ಹೊಸ ಗಾಡಿಗೂ ಮೂವತ್ತರ ಆಸುಪಾಸು ಪ್ರಾಯ. 50 ಮಿ.ಮೀ. ಬೋರ್, 50 ಮಿ.ಮೀ. ಸ್ಟ್ರೋಕ್, 98 ಸಿಸಿ. ಹೊಸತರಲ್ಲಿ 7500 ಆರ್‌ಪಿಎಂಗೆ 11 ಕುದುರೆಶಕ್ತಿ. ಈಗ ಅಷ್ಟೂ ಉಳಿದಿರುವ ಗಾಡಿ ಅಪರೂಪ. ಆದ್ದರಿಂದ ಮೊದಲ ಕೆಲಸ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಓಡಾಡುವ ಕಿಂಡಿ) ಕೆರೆಯುವುದಲ್ಲ, ಸೋರಿಕೆ ಹುಡುಕುವುದು.

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್, ಗಾಳಿಯ ಮಿಶ್ರಣವನ್ನು ಸಿಲಿಂಡರಿಗೆ ತಳ್ಳುವ ಪಂಪ್ ಕ್ರ್ಯಾಂಕ್ ಕೇಸೇ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್ ವರ್ಷ ಕಳೆದಂತೆ ಗಟ್ಟಿಯಾಗಿ ಗಾಳಿ ಬಿಡುತ್ತದೆ. ಕ್ಲಚ್ ಬದಿಯದ್ದು ಹೋದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಕಾರುತ್ತದೆ, ಕಣ್ಣಿಗೆ ಕಾಣುತ್ತದೆ. ಮ್ಯಾಗ್ನೆಟ್ ಬದಿಯದ್ದು ಮೋಸಗಾರ: ಹೊರಗಿನ ಗಾಳಿ ಸದ್ದಿಲ್ಲದೆ ಒಳಗೆ ಬಂದು ಮಿಶ್ರಣ ತೆಳುವಾಗಿ, ಅಂದರೆ ಪೆಟ್ರೋಲ್ ಪಾಲು ಇಳಿದು, ಪಿಸ್ಟನ್ ಬಿಸಿಯಾಗಿ ಸಿಲಿಂಡರಿನಲ್ಲಿ ಕಚ್ಚಿ ಹಿಡಿಯುತ್ತದೆ. ಪರೀಕ್ಷೆಗೆ ಹಳೆಯ ಬಿಪಿ ಉಪಕರಣದ ಬಲ್ಬು ಮತ್ತು ಮೀಟರ್ ಸಾಕು. ಸೈಲೆನ್ಸರ್ ಬಾಯಿಯನ್ನು ರಬ್ಬರ್ ಶೀಟ್ ಮತ್ತು ತಗಡಿನಿಂದ ಮುಚ್ಚಿ, ಕಾರ್ಬೊರೇಟರ್ ಕೂರುವ ಬಾಯಿಗೆ ವಾಲ್ವ್ ಹಾಕಿದ ಬಿರಡೆ ಕೊಟ್ಟು, ಮೀಟರಿನಲ್ಲಿ 300ರ ತನಕ ಗಾಳಿ ಒತ್ತಿ. ಅದು ಸುಮಾರು 6 ಪಿಎಸ್‌ಐ. ಐದು ನಿಮಿಷದಲ್ಲಿ 50ಕ್ಕಿಂತ ಹೆಚ್ಚು ಇಳಿದರೆ ಸೋಪು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಸೀಲ್, ಬೇಸ್ ಪ್ಯಾಕಿಂಗ್, ಇನ್‌ಟೇಕಿನ ರಬ್ಬರ್, ಮೂರರಲ್ಲಿ ಒಂದು ಸಿಕ್ಕಿಯೇ ಸಿಗುತ್ತದೆ. ಇದನ್ನು ಸರಿಪಡಿಸದೆ ಮುಂದಿನದಕ್ಕೆ ಹಾಕಿದ ದುಡ್ಡು ಹೊಳೆಗೆ ಹಾಕಿದ ಹಾಗೆ.

ಬೋರಿಂಗ್ ಮಾಡಿಸುವಾಗ ಪಿಸ್ಟನ್ನನ್ನು ಮೊದಲೇ ಕೊಂಡು ಅಂಗಡಿಗೆ ಕೊಡಿ, ಅದರ ಅಳತೆಗೇ ಬೋರ್ ಕೊರೆಯಲಿ. ಮಾಮೂಲಿ ಓಟಕ್ಕೆ ಪಿಸ್ಟನ್ನಿಗೂ ಬೋರಿಗೂ 0.04 ಮಿ.ಮೀ. ಅಂತರ ಸಾಕಾದರೂ ಶಕ್ತಿ ಹೆಚ್ಚಿಸಿದ ಇಂಜಿನ್ ಹೆಚ್ಚು ಬಿಸಿಯಾಗುವುದರಿಂದ 0.05 ಇಡಿಸಿ. ರಿಂಗನ್ನು ಬೋರಿನೊಳಗೆ ನೇರ ಕೂರಿಸಿ ಅದರ ಎರಡು ತುದಿಗಳ ನಡುವಿನ ಬಾಯಿ ಅಳೆಯಿರಿ: 0.2ರಿಂದ 0.3 ಮಿ.ಮೀ.

ಇನ್ನು ಪೋರ್ಟಿಂಗ್. ಒಂದೇ ಸಿಲಿಂಡರ್ ಇದ್ದರೆ ಅದಕ್ಕೆ ಅರ ಮುಟ್ಟಿಸಬೇಡಿ, ಇನ್ನೊಂದು ಹಳೆಯ ಸಿಲಿಂಡರ್ ಹುಡುಕಿ. ಕೆರೆದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ ಮಾರಾಯ್ರೆ. 360 ಡಿಗ್ರಿಯ ಕೋನಮಾಪಕವನ್ನು ಮ್ಯಾಗ್ನೆಟ್ ನಟ್ಟಿಗೆ ಕೂರಿಸಿ, ಎಕ್ಸಾಸ್ಟ್ ಪೋರ್ಟ್ ತೆರೆಯುವಲ್ಲಿಂದ ಮುಚ್ಚುವ ತನಕ ಎಷ್ಟು ಡಿಗ್ರಿ ಎಂದು ಬರೆದಿಡಿ. ಪೋರ್ಟಿನ ಮೇಲಂಚನ್ನು 1 ಮಿ.ಮೀ. ಎತ್ತರಿಸಿದರೆ ಈ ಸ್ಟ್ರೋಕಿನಲ್ಲಿ ಹತ್ತಿರ ಹತ್ತಿರ 4.5 ಡಿಗ್ರಿ ಸೇರುತ್ತದೆ. ಒಟ್ಟು 180ರಿಂದ 185 ಡಿಗ್ರಿಯೊಳಗೆ ನಿಲ್ಲಿಸಿ. 190 ದಾಟಿತೋ, ಕೆಳಗಿನ ಎಳೆತ ಸತ್ತು, ಗಾಡಿ ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಓಡುತ್ತದೆ. ಕಂಕನಾಡಿಯ ಟ್ರಾಫಿಕ್ಕಿನಲ್ಲಿ ಅದು ಬರೀ ಶಿಕ್ಷೆ. ಅಗಲ 33 ಮಿ.ಮೀ. ಮೀರಬಾರದು, ಅಂದರೆ ಬೋರಿನ ಮೂರನೇ ಎರಡರಷ್ಟು. ಅದಕ್ಕಿಂತ ಅಗಲ ಮಾಡಿದರೆ ರಿಂಗ್ ಪೋರ್ಟಿನೊಳಗೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಮೇಲಂಚು ನೇರ ಗೆರೆಯಾಗದೆ ಕಮಾನಿನಂತಿರಲಿ. ಕೊನೆಗೆ ಎಲ್ಲ ಅಂಚಿನ ಹರಿತವನ್ನು ಎಮರಿ ಪೇಪರಿನಿಂದ ಅರ್ಧ ಮಿ.ಮೀ. ಮುರಿಯಿರಿ. ಹೆಚ್ಚಿನವರು ಬಿಡುವುದು ಈ ಹತ್ತು ನಿಮಿಷದ ಕೆಲಸವನ್ನೇ, ಆಮೇಲೆ ಸಾವಿರ ಕಿಲೋಮೀಟರಿಗೆ ರಿಂಗ್ ಹೋಯಿತು ಎಂದು ಕಂಪನಿಯನ್ನು ಬೈಯುವುದು.

ಎಕ್ಸಾಸ್ಟ್ ಎತ್ತರಿಸಿದಾಗ ಪಿಸ್ಟನ್ ಒತ್ತುವ ದೂರ ಕಡಿಮೆಯಾಗುತ್ತದೆ, ಅದನ್ನು ಹೆಡ್ಡಿನಲ್ಲಿ ವಾಪಸ್ ಪಡೆಯಬೇಕು. ಲೇತಿನಲ್ಲಿ ಒಮ್ಮೆಗೆ 0.3 ಮಿ.ಮೀ.ಗಿಂತ ಹೆಚ್ಚು ತೆಗೆಸಬೇಡಿ. ಹೆಡ್ ಕಟ್ಟಿ, ಪಿಸ್ಟನ್ ಮೇಲೆ ತಂದು, ಸುತ್ತ ಗ್ರೀಸ್ ಹಚ್ಚಿ, ಪ್ಲಗ್ ತೂತಿನಿಂದ ಬ್ಯುರೆಟ್‌ನಲ್ಲಿ ತೆಳು ಎಣ್ಣೆ ಬಿಡಿ. ಪ್ಲಗ್ಗಿನ ಥ್ರೆಡ್ಡಿನ ಕೆಳತುದಿ ಮುಟ್ಟುವಷ್ಟರಲ್ಲಿ 9 ಸಿಸಿಗಿಂತ ಕಡಿಮೆ ಹಿಡಿಯಬಾರದು. 9 ಸಿಸಿಗೆ ಕಂಪ್ರೆಷನ್ ಅನುಪಾತ (ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದು) 11.9 ಬರುತ್ತದೆ, ಗಾಳಿಯಲ್ಲೇ ತಣಿಯುವ ಇಂಜಿನ್ನಿಗೆ ಅದೇ ಗಡಿ. ಇನ್ನೊಂದು ಅಳತೆ: 2 ಮಿ.ಮೀ. ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ಸಿಲಿಂಡರ್ ಗೋಡೆಗೆ ತಾಗುವ ಹಾಗೆ ಇಟ್ಟು ಇಂಜಿನ್ ಕೈಯಲ್ಲಿ ತಿರುಗಿಸಿ. ಚಪ್ಪಟೆಯಾದ ತುದಿ 0.8ರಿಂದ 1 ಮಿ.ಮೀ. ಇರಲಿ. 0.8ಕ್ಕಿಂತ ತೆಳುವಾದರೆ ಪಿಸ್ಟನ್ ಹೆಡ್ಡಿಗೆ ಬಡಿಯುವ ಭಯ.

ಒಳಬಂದ ಗಾಳಿ ವಾಪಸ್ ಹೋಗದಂತೆ ತಡೆಯುವ ರೀಡ್ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ. ಎಲೆಯ ತುದಿಯಲ್ಲಿ ಬೆಳಕು ಕಂಡರೆ ಬದಲಾಯಿಸಿ, ಅಷ್ಟೆ.

ಸೈಲೆನ್ಸರ್ ವಿಷಯದಲ್ಲಿ ಕಾನೂನು ಗೊತ್ತಿರಲಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಕಂಪನಿ ಕೊಟ್ಟ ರೂಪ ಬದಲಿಸಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಆದ್ದರಿಂದ ಎಕ್ಸ್‌ಪಾನ್ಷನ್ ಚೇಂಬರ್ (ಶಕ್ತಿ ಹೆಚ್ಚಿಸಲು ಸೈಲೆನ್ಸರ್ ಬದಲು ಹಾಕುವ, ನಡುವೆ ಉಬ್ಬಿದ ಕೊಳವೆ) ಟ್ರ್ಯಾಕಿಗೆ ಮಾತ್ರ. ಉದ್ದದ ಲೆಕ್ಕ ಹೀಗೆ: 43,180ನ್ನು ಎಕ್ಸಾಸ್ಟ್ ಡಿಗ್ರಿಯಿಂದ ಗುಣಿಸಿ, ಬೇಕಾದ ಆರ್‌ಪಿಎಂನಿಂದ ಭಾಗಿಸಿ. 182 ಡಿಗ್ರಿ, 8500 ಆರ್‌ಪಿಎಂ ಎಂದಾದರೆ ಪಿಸ್ಟನ್ ಮುಖದಿಂದ ಹಿಂದಿನ ಕೋನಿನ ನಡುಭಾಗದವರೆಗೆ ಸುಮಾರು 925 ಮಿ.ಮೀ. ಬೈಕಂಪಾಡಿಯಲ್ಲೋ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲೋ 1 ಮಿ.ಮೀ. ತಗಡು ಸುತ್ತಿಸಬಹುದು. ಬಿಸಿ ತಡೆಯುವ ಪೇಂಟ್ ಅದೇ ದಿನ ಹೊಡೆಯಿರಿ. ಕಡಲ ಉಪ್ಪುಗಾಳಿ ಬೆತ್ತಲೆ ತಗಡಿಗೆ ಒಂದು ವಾರವೂ ಬಿಡುವುದಿಲ್ಲ.

ಈಗ ಜೆಟ್, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ತೂತಿನ ತಿರುಪು. ಇಂಜಿನ್ ಉಳಿಯುವುದೂ ಸಾಯುವುದೂ ಇಲ್ಲೇ. ಮೈನ್ ಜೆಟ್ಟನ್ನು ಎರಡು ಮೂರು ಸೈಜ್ ದೊಡ್ಡದರಿಂದ ಶುರುಮಾಡಿ, ಕೆಳಗಿಳಿಯುತ್ತಾ ಬನ್ನಿ. ಚಿಕ್ಕದರಿಂದ ಮೇಲೆ ಹೋಗುವವರ ಪಿಸ್ಟನ್ ಉಳಿಯುವುದು ಅದೃಷ್ಟದಿಂದ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಎಳೆದು, ಕ್ಲಚ್ ಹಿಡಿದು ಇಂಜಿನ್ ಒಮ್ಮೆಲೆ ಆಫ್ ಮಾಡಿ ಪ್ಲಗ್ ಬಿಚ್ಚಿ. ಪಿಂಗಾಣಿಯ ಬುಡದಲ್ಲಿ ಕಾಫಿ ಬಣ್ಣದ ಉಂಗುರ ಇರಬೇಕು. ಬಿಳಿಚಿದ್ದರೆ, ಸಣ್ಣ ಅಲ್ಯೂಮಿನಿಯಂ ಚುಕ್ಕೆ ಕಂಡರೆ, ಅಲ್ಲಿಗೇ ನಿಲ್ಲಿಸಿ. ಪ್ಲಗ್ ಒಂದು ಹಂತ ತಂಪಿನದ್ದು, ಅಂದರೆ ಬಿಸಿಯನ್ನು ಬೇಗ ಹೊರಬಿಡುವಂಥದ್ದು ಹಾಕಿ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟು ತಂಪು, ಬಾಷ್‌ನಲ್ಲಿ ಇಳಿದಷ್ಟು ತಂಪು. ಇದು ಅದಲುಬದಲಾಗಿ ಕೆಟ್ಟ ಇಂಜಿನ್‌ಗಳು ಕಡಿಮೆಯಲ್ಲ.

ಮೇ ತಿಂಗಳ ಮಧ್ಯಾಹ್ನದ ಬೆವರು ಸುರಿಯುವ ಗಾಳಿ ಬಿಸಿ, ಅದರ ಒಂದಿಷ್ಟು ಜಾಗ ನೀರಾವಿಗೆ ಹೋಗಿರುತ್ತದೆ. ಅದರಲ್ಲಿ ಸರಿ ಕಂಡ ಜೆಟ್ ಜನವರಿಯ ಮುಂಜಾನೆಯ ತಂಪು ಒಣಗಾಳಿಗೆ ಚಿಕ್ಕದಾಗುತ್ತದೆ. ಆದ್ದರಿಂದ ಕೊನೆಯ ಸೆಟ್ಟಿಂಗ್ ಚಳಿಗಾಲದ ಬೆಳಿಗ್ಗೆಯೇ ನೋಡಿ. 20 ಶೇಕಡಾ ಎಥನಾಲ್ ಇರುವ ಪೆಟ್ರೋಲ್ ಮಿಶ್ರಣವನ್ನು ಇನ್ನಷ್ಟು ತೆಳುವಾಗಿಸುತ್ತದೆ, ಮಳೆಗಾಲದಲ್ಲಿ ಗಾಳಿಯ ನೀರನ್ನೂ ಹೀರುತ್ತದೆ. ಎರಡು ವಾರ ನಿಂತ ಗಾಡಿಯ ಕಾರ್ಬೊರೇಟರ್ ಬಟ್ಟಲನ್ನು ಖಾಲಿ ಮಾಡಿಯೇ ಕಿಕ್ ಹೊಡೆಯಿರಿ. ಆಯಿಲ್ ಪಂಪ್ ತೆಗೆದಿದ್ದರೆ ಪೆಟ್ರೋಲಿನ ಲೀಟರಿಗೆ 30 ಮಿ.ಲೀ. ಟೂಟಿ (ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಬೆರೆಸಿ. ಎಣ್ಣೆ ಹೆಚ್ಚಿಸಿದರೆ ಪೆಟ್ರೋಲ್ ಪಾಲು ಇಳಿಯುತ್ತದೆ, ಹಾಗಾಗಿ ಎಣ್ಣೆ ಬದಲಿಸಿದಾಗಲೆಲ್ಲ ಪ್ಲಗ್ ಮತ್ತೆ ನೋಡಬೇಕು.

ಘಾಟಿಯ ಲೆಕ್ಕ ಬೇರೆ. ಆಗುಂಬೆ ಸಮುದ್ರ ಮಟ್ಟದಿಂದ 640 ಮೀಟರಿನಷ್ಟು ಎತ್ತರ. ಗಾಳಿ ಆರು ಶೇಕಡಾ ತೆಳು, ಗಾಡಿ ಸ್ವಲ್ಪ ಗೊಗ್ಗರು ಸದ್ದಿನಲ್ಲಿ ಏರುತ್ತದೆ. ಅಲ್ಲಿ ಚಿಕ್ಕ ಜೆಟ್ ಹಾಕಿದವರು ಘಾಟಿಯ ಬುಡದ ಸೋಮೇಶ್ವರಕ್ಕೆ ಇಳಿಯುವ ಮೊದಲು ಹಳೆಯದನ್ನು ಹಾಕಲೇಬೇಕು. ಅದಕ್ಕಿಂತ ದೊಡ್ಡ ಅಪಾಯ ಇಳಿಜಾರಿನದ್ದೇ: ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿ ಇಳಿಯುವಾಗ ಇಂಜಿನ್ ಜೋರು ತಿರುಗುತ್ತದೆ, ಎಣ್ಣೆ ಮಾತ್ರ ಸಾಕಷ್ಟು ಒಳಗೆ ಹೋಗುವುದಿಲ್ಲ. ಪ್ರತಿ ತಿರುವಿಗೆ ಮುಂಚೆ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಮಾಡಿ, ಎಣ್ಣೆ ಒಳಗಿಳಿಯಲಿ.