ಮನೆಯಲ್ಲಿ ತಯಾರಿಸಿದ ಮಿಡಿ ಕಂಟ್ರೋಲರ್‌ಗೆ ಕಾಲಿನ ಪೆಡಲ್ ಮತ್ತು ಸ್ವಿಚ್‌ಗಳ ಜೋಡಣೆ

ಸ್ವಂತವಾಗಿ ತಯಾರಿಸಿದ ಮಿಡಿ ಕಂಟ್ರೋಲರ್‌ಗೆ, ಅಂದರೆ ಸ್ವರ ಮತ್ತು ನಿಯಂತ್ರಣದ ಸಂದೇಶಗಳನ್ನು ಕಂಪ್ಯೂಟರ್‌ಗೋ ಸಿಂಥಸೈಜರ್‌ಗೋ ಕಳುಹಿಸುವ ಸಾಧನಕ್ಕೆ, ಗುಂಡಿಗಳನ್ನೂ ನಾಬ್‌ಗಳನ್ನೂ ಕೂರಿಸಿದ ಮೇಲೆ ಮುಂದೆ ಬೇಕೆನಿಸುವುದು ಕಾಲಿನ ಪೆಡಲ್. ಎರಡೂ ಕೈಗಳು ಸ್ವರಗಳಲ್ಲಿ ತೊಡಗಿರುವಾಗ ನಾದವನ್ನು ಹಿಡಿದು ನಿಲ್ಲಿಸುವುದಕ್ಕೆ, ಧ್ವನಿಯನ್ನು ಏರಿಸಿ ಇಳಿಸುವುದಕ್ಕೆ, ಒಂದು ವಾದ್ಯದ ದನಿಯಿಂದ ಇನ್ನೊಂದಕ್ಕೆ ಹೊರಳುವುದಕ್ಕೆ ಬಿಡುವಾಗಿರುವುದು ಕಾಲು ಮಾತ್ರ. ಈ ಕೆಲಸದಲ್ಲಿ ಪ್ರೋಗ್ರಾಂ ಬರೆಯುವುದು ಸಣ್ಣ ಭಾಗ. ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಪ್ಲಗ್ ಚುಚ್ಚುವ ಜಾಕ್‌ನಲ್ಲಿ ಮತ್ತು ಪೆಡಲ್‌ನ ಒಳಗಿನ ವೈರಿಂಗ್ ಹೀಗೇ ಇರಬಹುದೆಂಬ ಊಹೆಯಲ್ಲಿ. ಆದ್ದರಿಂದ ಬೆಸುಗೆಗೆ ಕೈ ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕಂಟ್ರೋಲರನ್ನು ನಡೆಸುವ ಬೋರ್ಡ್ ಆಗಿ ಆರ್ಡುಯಿನೊ ಲಿಯೊನಾರ್ಡೊ ಅಥವಾ 5 ವೋಲ್ಟಿನ ಪ್ರೊ ಮೈಕ್ರೊ ಇದೆಯೆಂದು ಭಾವಿಸಿ ಮುಂದಿನ ವಿವರಗಳನ್ನು ಕೊಟ್ಟಿದ್ದೇನೆ. ಇವುಗಳಲ್ಲಿರುವ ಎಟಿಮೆಗಾ32ಯು4 ಚಿಪ್ ಕಂಪ್ಯೂಟರ್‌ಗೆ ನೇರವಾಗಿ ಯುಎಸ್‌ಬಿ ಮಿಡಿ ಸಾಧನವಾಗಿ ಕಾಣಿಸಿಕೊಳ್ಳಬಲ್ಲದು. 3.3 ವೋಲ್ಟಿನ ಬೋರ್ಡ್ ಆಗಿದ್ದರೆ ಪೆಡಲ್‌ಗೂ 3.3 ವೋಲ್ಟನ್ನೇ ಕೊಡಬೇಕು.

ಮೊದಲು ನಾದವನ್ನು ಹಿಡಿದಿಡುವ ಸಸ್ಟೇನ್ ಪೆಡಲ್ ನೋಡೋಣ. ಸಾಮಾನ್ಯವಾಗಿ ಅದರೊಳಗೆ ಒಂದು ಸ್ವಿಚ್ ಮಾತ್ರ ಇರುತ್ತದೆ, ತುದಿಯಲ್ಲಿ 6.35 ಮಿಲಿಮೀಟರ್ ಪ್ಲಗ್ ಇರುತ್ತದೆ. ಮಲ್ಟಿಮೀಟರನ್ನು ಬೀಪ್ ಕೊಡುವ ಸ್ಥಾನಕ್ಕೆ ತಂದು, ಪ್ಲಗ್‌ನ ತುದಿಗೂ ಬುಡದ ಲೋಹಕ್ಕೂ ಪ್ರೋಬ್ ಮುಟ್ಟಿಸಿ ಪೆಡಲ್ ಒತ್ತಿರಿ. ಒತ್ತಿದಾಗ ಬೀಪ್ ಬಂದರೆ ಅದು ಒತ್ತಿದಾಗ ಕೂಡುವ ಬಗೆ. ಬಿಟ್ಟಾಗಲೇ ಬೀಪ್ ಇದ್ದು ಒತ್ತಿದಾಗ ನಿಂತರೆ ಅದಕ್ಕೆ ವಿರುದ್ಧವಾದ ಬಗೆ. ಯಮಹಾ ಎಫ್‌ಸಿ5 ಈ ಎರಡನೆಯ ಬಗೆಗೆ ಸೇರಿದ್ದು. ಎಂ-ಆಡಿಯೊ ಎಸ್‌ಪಿ-2ರಲ್ಲಿ ಎರಡರ ನಡುವೆ ಆಯ್ದುಕೊಳ್ಳಲು ಪುಟ್ಟ ಸ್ವಿಚ್ ಇದೆ. ಎರಡೂ ಬಗೆಯ ಪೆಡಲ್‌ಗಳು ನಡೆಯಬೇಕೆಂದಿದ್ದರೆ, ಬೋರ್ಡ್‌ಗೆ ವಿದ್ಯುತ್ ಬಂದ ಕ್ಷಣದಲ್ಲಿ ಪಿನ್ ಯಾವ ಸ್ಥಿತಿಯಲ್ಲಿದೆಯೋ ಅದನ್ನೇ ಕಾಲಿಡದ ಸ್ಥಿತಿ ಎಂದು ಪ್ರೋಗ್ರಾಂ ನೆನಪಿಟ್ಟುಕೊಳ್ಳಲಿ. ಅನೇಕ ಕೀಬೋರ್ಡ್‌ಗಳು ಮಾಡುವುದೂ ಇದನ್ನೇ. ಆನ್ ಮಾಡುವಾಗ ಪೆಡಲ್ ತುಳಿದಿರಬಾರದು ಎನ್ನುವುದು ಈ ಕಾರಣಕ್ಕೆ.

ಜಾಕ್‌ನ ಬುಡದ ಸಂಪರ್ಕವನ್ನು ಗ್ರೌಂಡ್‌ಗೂ ತುದಿಯ ಸಂಪರ್ಕವನ್ನು ಒಂದು ಡಿಜಿಟಲ್ ಪಿನ್ನಿಗೂ ಜೋಡಿಸಿ, ಆ ಪಿನ್ನನ್ನು ಪ್ರೋಗ್ರಾಂನಲ್ಲಿ ಇನ್‌ಪುಟ್ ಪುಲ್‌ಅಪ್ (ಸ್ವಿಚ್ ಕೂಡದಿರುವಾಗ ಪಿನ್ನನ್ನು ಒಳಗಿನ ರೆಸಿಸ್ಟರ್ ಮೂಲಕ 5 ವೋಲ್ಟಿನತ್ತ ಎಳೆದಿಡುವ ಸ್ಥಿತಿ) ಎಂದು ಘೋಷಿಸಿದರೆ ಸರ್ಕ್ಯೂಟ್ ಮುಗಿಯಿತು. ಆದರೆ ಚಿಪ್‌ನ ಒಳಗಿನ ಪುಲ್‌ಅಪ್ ರೆಸಿಸ್ಟರ್ 20ರಿಂದ 50 ಕಿಲೋಓಮ್‌ನಷ್ಟಿರುವುದರಿಂದ, ವೇದಿಕೆಯ ಮೇಲೆ ದೀಪಗಳ ಮತ್ತು ಆಂಪ್ಲಿಫೈಯರ್‌ಗಳ ನಡುವೆ ಹಲವು ಮೀಟರ್ ಕೇಬಲ್ ಹಾಯುವಾಗ ಅದು ದುರ್ಬಲವಾಗುತ್ತದೆ. ಅಂಥ ಬಳಕೆಗೆ ಪಿನ್ನಿನಿಂದ 5 ವೋಲ್ಟಿಗೆ 10 ಕಿಲೋಓಮ್, ಜಾಕ್ ಮತ್ತು ಪಿನ್ನಿನ ನಡುವೆ 1 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಿರಿ. ಕೆಲವೇ ರೂಪಾಯಿಗಳ ಈ ಮೂರು ಬಿಡಿಭಾಗಗಳು ಸ್ಥಿರವಿದ್ಯುತ್ತಿನ ಹೊಡೆತದಿಂದಲೂ ಚಿಪ್ಪಿಗೆ ರಕ್ಷಣೆ ಕೊಡುತ್ತವೆ.

ಧ್ವನಿಯನ್ನು ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲ್‌ನ ವಿಷಯಕ್ಕೆ ಹೆಚ್ಚಿನ ಗಮನ ಬೇಕು. ಅದರೊಳಗಿರುವುದು ಸ್ವಿಚ್ ಅಲ್ಲ, ಪೊಟೆನ್ಷಿಯೋಮೀಟರ್, ಅಂದರೆ ಎರಡು ಕೊನೆಗಳ ನಡುವೆ ಸಂಪರ್ಕವೊಂದು ಚಲಿಸುವ ರೆಸಿಸ್ಟರ್. ಪ್ಲಗ್‌ನಲ್ಲಿ ತುದಿ, ಉಂಗುರ, ಬುಡ ಎಂದು ಮೂರು ಸಂಪರ್ಕಗಳಿರುತ್ತವೆ. ರೋಲ್ಯಾಂಡ್ ಇವಿ-5ರಲ್ಲಿ ಚಲಿಸುವ ಸಂಪರ್ಕವು ತುದಿಗೆ ಬರುತ್ತದೆ, ವೋಲ್ಟೇಜ್ ಉಂಗುರಕ್ಕೆ ಹೋಗಬೇಕು. ಯಮಹಾ ಎಫ್‌ಸಿ7ರಲ್ಲಿ ಇವೆರಡೂ ಅದಲುಬದಲು. ಪ್ರತಿರೋಧವೂ ಬೇರೆ: ಮೊದಲನೆಯದರಲ್ಲಿ 10 ಕಿಲೋಓಮ್, ಎರಡನೆಯದರಲ್ಲಿ 50 ಕಿಲೋಓಮ್. ಇಲ್ಲಿಯೂ ಮೀಟರ್ ಸಾಕು. ಪೆಡಲ್ ಆಡಿಸುವಾಗ ಯಾವ ಎರಡು ಸಂಪರ್ಕಗಳ ನಡುವಿನ ಓಮ್ ಹೆಚ್ಚುಕಡಿಮೆ ಬದಲಾಗದೆ ಉಳಿಯುತ್ತದೆಯೋ ಅವು ಪೊಟೆನ್ಷಿಯೋಮೀಟರ್‌ನ ಎರಡು ಕೊನೆಗಳು. ಉಳಿದದ್ದು ಚಲಿಸುವ ಸಂಪರ್ಕ. ಎರಡೂ ಕಂಪನಿಗಳ ಪೆಡಲ್ ಬಳಸುವವರು ತುದಿ ಮತ್ತು ಉಂಗುರವನ್ನು ಅದಲುಬದಲು ಮಾಡಲು ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಸ್ಲೈಡ್ ಸ್ವಿಚ್ ಇಡುವುದು ಒಳ್ಳೆಯದು.

ಈ ಜಾಕ್‌ನ ಉಂಗುರಕ್ಕೆ 5 ವೋಲ್ಟನ್ನು ನೇರವಾಗಿ ಕೊಡಲೇಬಾರದು. ಯಾರಾದರೂ ತಿಳಿಯದೆ ಎರಡು ಸಂಪರ್ಕಗಳ ಸಾಮಾನ್ಯ ಗಿಟಾರ್ ಕೇಬಲನ್ನೋ ಸಸ್ಟೇನ್ ಪೆಡಲನ್ನೋ ಅಲ್ಲಿ ಚುಚ್ಚಿದರೆ ಉಂಗುರ ಮತ್ತು ಬುಡ ಒಂದಾಗಿ ಯುಎಸ್‌ಬಿಯ 5 ವೋಲ್ಟ್ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಸರಿಯಾದ ಪ್ಲಗ್ ಕೂಡ ಒಳಗೆ ಜಾರುವಾಗ ಕ್ಷಣಕಾಲ ಹೀಗೆ ಮಾಡಬಹುದು. 5 ವೋಲ್ಟ್ ಮತ್ತು ಉಂಗುರದ ನಡುವೆ 470 ಓಮ್ ರೆಸಿಸ್ಟರ್ ಇದ್ದರೆ ಶಾರ್ಟ್ ಆದಾಗಲೂ ಹರಿಯುವುದು 11 ಮಿಲಿಆಂಪ್‌ಗಿಂತ ಕಡಿಮೆ. ಇದರ ಬೆಲೆಯಾಗಿ 10 ಕಿಲೋಓಮ್ ಪೆಡಲ್‌ನ ಗರಿಷ್ಠ ಓದಿಕೆ (ಬೋರ್ಡ್ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ) 1023ರ ಬದಲು ಸುಮಾರು 977ಕ್ಕೆ ನಿಲ್ಲುತ್ತದೆ. ಅದನ್ನು ಪ್ರೋಗ್ರಾಂನಲ್ಲಿ ಸರಿಪಡಿಸಿಕೊಳ್ಳಬಹುದು. ಚಲಿಸುವ ಸಂಪರ್ಕವನ್ನು ಅನಲಾಗ್ ಪಿನ್ನಿಗೆ ಒಯ್ದು, ಅಲ್ಲಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಹಾಕಿರಿ.

ಪೆಡಲ್ ಇಲ್ಲದಿರುವಾಗ ಅನಲಾಗ್ ಪಿನ್ ತೇಲುತ್ತಾ ಮನಬಂದ ಅಂಕಿಗಳನ್ನು ಓದುತ್ತದೆ, ಧ್ವನಿ ತಾನಾಗಿಯೇ ಏರಿಳಿಯುತ್ತದೆ. ಒಳಗೆ ಸ್ವಿಚ್ ಇರುವ ಜಾಕ್ ಕೊಂಡು, ಪ್ಲಗ್ ಇಲ್ಲದಾಗ ತುದಿಗೆ ತಾಗುವ ಅದರ ಹೆಚ್ಚುವರಿ ಸಂಪರ್ಕವನ್ನು 470 ಓಮ್ ದಾಟಿದ ಉಂಗುರದ ತಂತಿಗೇ ಸೇರಿಸಿದರೆ, ಪೆಡಲ್ ಕಳಚಿದಾಗ ಓದಿಕೆ ಪೂರ್ತಿ ಮೇಲೆ ನಿಲ್ಲುತ್ತದೆ. ಗ್ರೌಂಡಿಗೆ ಸೇರಿಸುವುದಕ್ಕಿಂತ ಇದು ಮೇಲು, ಏಕೆಂದರೆ ಸಂಗೀತ ಕಛೇರಿಯ ನಡುವೆ ಪ್ಲಗ್ ಸಡಿಲವಾದರೂ ವಾದ್ಯ ಮೂಕವಾಗುವುದಿಲ್ಲ. ಇಂಥ ಜಾಕ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ; ಕೊಳ್ಳುವಾಗ ಮೂರು ಸಂಪರ್ಕಗಳ ಸ್ಟೀರಿಯೊ ಜಾಕ್, ಒಳಗೆ ಸ್ವಿಚ್ ಇರುವುದು ಎಂದು ಎರಡನ್ನೂ ಹೇಳಿ ಕೇಳಬೇಕು.

ಗಿಟಾರ್ ಎಫೆಕ್ಟ್ ಪೆಡಲ್‌ಗಳಲ್ಲಿ ಕಾಣುವಂಥ ಕಾಲಿನ ಸ್ವಿಚ್‌ಗಳನ್ನು ನೀವೇ ಕೂರಿಸುವುದಾದರೆ, ಒತ್ತಿ ಬಿಟ್ಟ ಕೂಡಲೇ ಹಿಂದಿರುಗುವ ಮೊಮೆಂಟರಿ ಬಗೆಯನ್ನೇ ಆರಿಸಿರಿ. ಒಮ್ಮೆ ಒತ್ತಿದರೆ ಆನ್, ಮತ್ತೊಮ್ಮೆ ಒತ್ತಿದರೆ ಆಫ್ ಎಂಬ ನಡವಳಿಕೆಯನ್ನು ಪ್ರೋಗ್ರಾಂನಲ್ಲಿ ತರಬಹುದು, ಆದರೆ ಒತ್ತಿದ ಸ್ಥಾನದಲ್ಲೇ ನಿಲ್ಲುವ ಸ್ವಿಚ್‌ನಿಂದ ಮೊಮೆಂಟರಿಯ ಕೆಲಸ ಸರಾಗವಾಗಿ ಆಗುವುದಿಲ್ಲ. ಸಾಮಾನ್ಯವಾಗಿ ಇವಕ್ಕೆ 12 ಮಿಲಿಮೀಟರ್ ರಂಧ್ರ ಬೇಕು. ಪಾದದ ಭಾರ ತಡೆಯಲು ಅಲ್ಯೂಮಿನಿಯಂ ಪೆಟ್ಟಿಗೆ ತಕ್ಕದ್ದು.

ಪ್ರೋಗ್ರಾಂನಲ್ಲಿ ಸ್ವಿಚ್‌ನ ಕಂಪನವನ್ನು, ಅಂದರೆ ಒಮ್ಮೆ ಒತ್ತಿದಾಗ ಸಂಪರ್ಕವು ಕ್ಷಣಕಾಲ ಹಲವು ಸಲ ಕೂಡಿ ಬಿಡುವುದನ್ನು, ತಡೆಯಬೇಕು. ಪಿನ್ ನೆಲೆಗೊಳ್ಳುವವರೆಗೆ ಕಾಯುವ ಬದಲು, ಮೊದಲ ಬದಲಾವಣೆಗೇ ಸಂದೇಶ ಕಳುಹಿಸಿ ಮುಂದಿನ 20 ಮಿಲಿಸೆಕೆಂಡ್ ಆ ಪಿನ್ನನ್ನು ಓದದೆ ಬಿಟ್ಟರೆ ಕಾಲಿಗೂ ನಾದಕ್ಕೂ ನಡುವೆ ವಿಳಂಬ ಉಂಟಾಗುವುದಿಲ್ಲ. ಎಕ್ಸ್‌ಪ್ರೆಶನ್ ಪೆಡಲ್‌ನ ಕನಿಷ್ಠ ಮತ್ತು ಗರಿಷ್ಠ ಓದಿಕೆಗಳನ್ನು ಗುರುತಿಸಿಕೊಂಡು, ಎರಡೂ ಕಡೆ ತುಸು ಒಳಕ್ಕೆ ತೆಗೆದುಕೊಂಡು, ಆ ವ್ಯಾಪ್ತಿಯನ್ನು 0ಯಿಂದ 127ಕ್ಕೆ ಹೊಂದಿಸಿರಿ. ಹಿಂದಿನ ಸಂದೇಶ ಕಳುಹಿಸಿದಾಗಿನ ಓದಿಕೆಗಿಂತ (127ಕ್ಕೆ ಹೊಂದಿಸುವ ಮೊದಲಿನ ಅಂಕಿಯಲ್ಲಿ) ಸುಮಾರು 8 ಅಂಕ ಬದಲಾದಾಗ ಮಾತ್ರ ಸಂದೇಶ ಹೊರಡಲಿ. ಹಳೆಯ ಐದು ಪಿನ್ನಿನ ಮಿಡಿ ಕೇಬಲ್ ಬಳಸುವವರಿಗೆ ಈ ಮಿತವ್ಯಯ ಇನ್ನೂ ಮುಖ್ಯ: ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಮೂರು ಬೈಟ್‌ಗಳ ಒಂದು ಸಂದೇಶಕ್ಕೆ ಹತ್ತಿರ ಹತ್ತಿರ 1 ಮಿಲಿಸೆಕೆಂಡ್ ಹಿಡಿಯುತ್ತದೆ, ಅನಗತ್ಯ ಸಂದೇಶಗಳ ಹಿಂದೆ ಸ್ವರಗಳು ಸಾಲುಗಟ್ಟಿ ಕಾಯಬೇಕಾಗುತ್ತದೆ.

ಸಂದೇಶ ಯಾವ ನಿಯಂತ್ರಣದ್ದೆಂದು ತಿಳಿಸುವುದು ಅದರಲ್ಲಿರುವ ಕಂಟ್ರೋಲರ್ ಸಂಖ್ಯೆ: ಸಸ್ಟೇನ್‌ಗೆ 64, ಎಕ್ಸ್‌ಪ್ರೆಶನ್‌ಗೆ 11, ಒಟ್ಟು ಧ್ವನಿಮಟ್ಟಕ್ಕೆ 7. ಸಸ್ಟೇನ್‌ನಲ್ಲಿ 64 ಮತ್ತು ಅದಕ್ಕಿಂತ ಮೇಲಿನ ಬೆಲೆ ಆನ್, ಕೆಳಗಿನದು ಆಫ್. 127 ಮತ್ತು 0 ಕಳುಹಿಸಿದರೆ ಗೊಂದಲವಿಲ್ಲ. ಒಂದು ಕಾಲಿನ ಸ್ವಿಚ್ಚನ್ನು ಸಿಕ್ಕಿಕೊಂಡ ಸ್ವರಗಳನ್ನು ಬಿಡಿಸಲೆಂದೇ ಮೀಸಲಿಡಬೇಕೆಂದು ಒತ್ತಾಯಿಸುತ್ತೇನೆ. ಅದು ಮೊದಲು 64ಕ್ಕೆ 0 ಬೆಲೆಯನ್ನು, ಆಮೇಲೆ ಎಲ್ಲ ಸ್ವರಗಳನ್ನೂ ನಿಲ್ಲಿಸುವ 123ನ್ನು ಕಳುಹಿಸಲಿ. ಈ ಕ್ರಮ ತಪ್ಪಬಾರದು, ಏಕೆಂದರೆ ಸಸ್ಟೇನ್ ಆನ್ ಇರುವಾಗ 123 ಬಂದರೆ ಮಿಡಿ ನಿಯಮದಂತೆ ನಡೆಯುವ ಸಿಂಥಸೈಜರ್ ಪೆಡಲ್‌ಗೆ ಮನ್ನಣೆ ಕೊಟ್ಟು, ಅದನ್ನು ಬಿಡುವವರೆಗೂ ಸ್ವರಗಳನ್ನು ಹಿಡಿದೇ ಇಟ್ಟುಕೊಳ್ಳುತ್ತದೆ.