ಸೆಕೆಂಡ್ ಹ್ಯಾಂಡ್ ಎಸ್‌ಯುವಿ: ನಾಲ್ಕೂ ಚಕ್ರಕ್ಕೆ ಡ್ರೈವ್ ಬೇಕಾ, ಮುಂದಿನ ಎರಡು ಸಾಕಾ?

ಪುಣೆಯಲ್ಲಿ ಹಳೆಯ ಎಸ್‌ಯುವಿ ಕೊಳ್ಳಲು ಹೊರಟವರ ಜೊತೆ ನಾನು ಆಗಾಗ ಹೋಗುತ್ತೇನೆ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಡಿಕ್ಕಿಯ ಮೇಲೆ ಎಡಬ್ಲ್ಯೂಡಿ (ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ) ಎಂದು ಬರೆದಿರುವುದನ್ನು ನೋಡುತ್ತಾರೆ, ನುಣ್ಣನೆಯ ರಸ್ತೆಯಲ್ಲಿ ಒಂದು ರೌಂಡ್ ಹೊಡೆಯುತ್ತಾರೆ, ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ನುಣ್ಣನೆಯ ರಸ್ತೆಯಲ್ಲಿ ಆಲ್ ವೀಲ್ ಡ್ರೈವ್ ಕೆಲಸ ಮಾಡುತ್ತಿದೆಯೋ ಸತ್ತೇ ಹೋಗಿದೆಯೋ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಮೊದಲ ಮಳೆಗಾಲದಲ್ಲಿ, ಊರಿನ ಮನೆಯ ಏರಿನಲ್ಲಿ, ಮುಂದಿನ ಚಕ್ರಗಳು ಮಾತ್ರ ನಿಂತಲ್ಲೇ ತಿರುಗಿ ಕೆಸರು ಹಾರಿಸುವಾಗ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಪುಣೆ, ಮುಂಬೈಯಲ್ಲಿರುವ ಹತ್ತರಲ್ಲಿ ಎಂಟು ಮನೆಗೆ ಫ್ರಂಟ್ ವೀಲ್ ಡ್ರೈವ್ ಸಾಕು. ಉಳಿದ ದುಡ್ಡು ಟೈರಿಗೆ ಹಾಕಿ. ನಿಜವಾಗಿ ಬೇಕಾದವರು ಮಾತ್ರ ಆಲ್ ವೀಲ್ ಡ್ರೈವ್ ತೆಗೆದುಕೊಳ್ಳಿ, ಅದನ್ನೂ ಗಾಡಿಯ ಕೆಳಗೆ ನೋಡದೆ ತೆಗೆದುಕೊಳ್ಳಬೇಡಿ.

ಹಂತ 1: ಹೋಗುವ ರಸ್ತೆಗಳನ್ನು ಬರೆಯಿರಿ

ಕಳೆದ ವರ್ಷ ನೀವು ಹೋಗಿ ಬಂದ ರಸ್ತೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಂದೋ ಹೋಗಬೇಕೆಂದಿರುವ ಲಡಾಖ್ ಅದರಲ್ಲಿ ಬೇಡ. ನಮ್ಮವರ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ದಿನವೂ ಹಿಂಜವಡಿಯ ಆಫೀಸು, ಹಬ್ಬಕ್ಕೆ ಬೆಳಗಾವಿ ಇಲ್ಲವೇ ವಿಜಯಪುರ, ಮಳೆಗಾಲದಲ್ಲಿ ತಾಮ್ಹಿಣಿ ಘಾಟ್, ರಜೆಯಲ್ಲಿ ಗೋವಾ. ಮುಂಬೈಯವರಾದರೆ ಉಡುಪಿ, ಮಂಗಳೂರು ಸೇರುತ್ತವೆ. ಇವೆಲ್ಲ ಡಾಂಬರು ಇಲ್ಲವೇ ಕಾಂಕ್ರೀಟ್. ಗುಂಡಿ ಬಿದ್ದಿದ್ದರೆ ಬೇಕಾಗುವುದು ನೆಲದಿಂದ ಎತ್ತರ ಮತ್ತು ಗಟ್ಟಿ ಸಸ್ಪೆನ್ಷನ್. ಮಳೆಗೆ ಬೇಕಾಗುವುದು ಒಳ್ಳೆ ಟೈರು. ಎರಡಕ್ಕೂ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದಕ್ಕೂ ಸಂಬಂಧವಿಲ್ಲ.

ಆಲ್ ವೀಲ್ ಡ್ರೈವ್ ಇದ್ದರೆ ಘಾಟಿನಲ್ಲಿ ಬೇಗ ನಿಲ್ಲುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಇಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಿಸುವುದು ಟೈರು ಮತ್ತು ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ಎಬಿಎಸ್. ರಸ್ತೆ ಮೇಲೆ ನೀರು ನಿಂತಾಗಲೂ ಇದರಿಂದ ಉಪಯೋಗವಿಲ್ಲ, ಎಂಜಿನ್ ಗಾಳಿ ಎಳೆಯುವ ಜಾಗಕ್ಕೆ ನೀರು ಬಂದರೆ ಎರಡೂ ಗಾಡಿ ಒಂದೇ ಥರ ನಿಲ್ಲುತ್ತವೆ.

ಅದು ನೆರವಿಗೆ ಬರುವುದು ಜಾರುವ ಏರಿನಲ್ಲಿ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರಗಳ ಮೇಲಿನ ಒತ್ತು ಕಡಿಮೆಯಾಗುತ್ತದೆ. ಫ್ರಂಟ್ ವೀಲ್ ಡ್ರೈವ್ ಗಾಡಿಯಲ್ಲಿ ಎಳೆಯಬೇಕಾದವು ಅವೇ ಅಲ್ವಾ? ಆದ್ದರಿಂದ ಉಡುಪಿ ಕಡೆ ಪಾಚಿ ಕಟ್ಟಿದ ಮುರಕಲ್ಲಿನ ಏರಿನ ಮೇಲೆ ಮನೆ ಇದ್ದರೆ, ಆಂಬೋಲಿ ಹತ್ತಿರವೋ ಮುಳಶಿ ಹತ್ತಿರವೋ ಮಣ್ಣಿನ ದಾರಿಯಲ್ಲಿ ತೋಟ ಇದ್ದರೆ, ಆಲ್ ವೀಲ್ ಡ್ರೈವ್ ತೆಗೆದುಕೊಳ್ಳಿ.

ವಿಜಯಪುರ, ಕಲಬುರಗಿ ಕಡೆಯವರಿಗೆ ಒಂದು ಮಾತು. ಮಳೆ ಬಿದ್ದ ಎರೆ ಹೊಲಕ್ಕೆ ರಸ್ತೆ ಟೈರಿನ ಯಾವ ಎಸ್‌ಯುವಿಯನ್ನೂ ಇಳಿಸಬೇಡಿ. ಎರೆ ಮಣ್ಣು ಟೈರಿನ ಗೀರುಗಳಲ್ಲಿ ತುಂಬಿಕೊಂಡರೆ ನಾಲ್ಕೂ ಚಕ್ರ ಒಟ್ಟಿಗೇ ಜಾರುತ್ತವೆ. ಗೋವಾದ ಬೀಚಿನಲ್ಲಿ ಓಡಿಸುವ ಆಸೆಗಾಗಿ ಕೊಳ್ಳುವುದೂ ಬೇಡ, ಅಲ್ಲಿ ಮರಳಿಗೆ ವಾಹನ ಇಳಿಸುವಂತಿಲ್ಲ.

ಹಂತ 2: ಯಾವ ಗಾಡಿಗೆ ಏನಿದೆ ತಿಳಿದುಕೊಳ್ಳಿ

ದೊಡ್ಡ ಗಾಡಿ ಎಂದಮಾತ್ರಕ್ಕೆ ನಾಲ್ಕು ಚಕ್ರಕ್ಕೆ ಡ್ರೈವ್ ಇರುವುದಿಲ್ಲ. ಕ್ರೆಟಾ, ಡೀಸೆಲ್ ಹ್ಯಾರಿಯರ್ ಎರಡೂ ಫ್ರಂಟ್ ವೀಲ್ ಡ್ರೈವ್. ಫೋರ್ ಬೈ ಟೂ (ನಾಲ್ಕರಲ್ಲಿ ಎರಡೇ ಚಕ್ರಕ್ಕೆ ಡ್ರೈವ್) ಎಂದರೆ ಫ್ರಂಟ್ ವೀಲ್ ಎಂದೂ ಅಲ್ಲ. ಫಾರ್ಚುನರ್, ಸ್ಕಾರ್ಪಿಯೋ, ಬೊಲೆರೊ, ಇನ್ನೋವಾ ಕ್ರಿಸ್ಟಾಗಳಲ್ಲಿ ಎಳೆಯುವುದು ಹಿಂದಿನ ಚಕ್ರ. ಥಾರ್‌ನದು ಇನ್ನೊಂದು ಬಗೆ. ಅದರ ಫೋರ್ ವೀಲ್ ಲಿವರ್ ಹಾಕಿಕೊಂಡು ಒಣ ಡಾಂಬರಿನಲ್ಲಿ ಓಡಿಸಬಾರದು.

ನಾವು ಮಾತಾಡುತ್ತಿರುವುದು ಒಂದೇ ಮಾಡೆಲ್‌ನಲ್ಲಿ ಎರಡೂ ಸಿಗುವ ಗಾಡಿಗಳ ಬಗ್ಗೆ: 2014ರಿಂದ ಬಂದ ಡಸ್ಟರ್ ಎಡಬ್ಲ್ಯೂಡಿ, 2011ರ ಎಕ್ಸ್‌ಯುವಿ 500, ನಮ್ಮ ರಾಂಜಣಗಾಂವ್‌ನಲ್ಲೇ ತಯಾರಾಗುವ ಕಂಪಾಸ್, 2022ರ ಗ್ರ್ಯಾಂಡ್ ವಿಟಾರಾ, ಹೈರೈಡರ್. ಇವುಗಳಲ್ಲಿ ಮಾಮೂಲಿಯಾಗಿ ಎಳೆಯುವುದು ಮುಂದಿನ ಚಕ್ರಗಳೇ. ಅವು ಜಾರಿದಾಗ ಹಿಂದಿರುವ ಒಂದು ಕ್ಲಚ್ ಕಪ್ಲಿಂಗ್ ಹಿಡಿದುಕೊಂಡು ಹಿಂದಿನ ಚಕ್ರಕ್ಕೂ ಶಕ್ತಿ ಕೊಡುತ್ತದೆ.

ಇದಕ್ಕೆ ಪೆಟ್ರೋಲ್ ಲೆಕ್ಕವೂ ಇದೆ. ಗ್ರ್ಯಾಂಡ್ ವಿಟಾರಾ ಬಂದಾಗ ಕಂಪನಿ ಹೇಳಿದ ಮೈಲೇಜ್ ಮ್ಯಾನ್ಯುಯಲ್ ಫ್ರಂಟ್ ವೀಲ್‌ಗೆ ಲೀಟರಿಗೆ 21.11 ಕಿ.ಮೀ., ಅದೇ ಎಂಜಿನ್ನಿನ ಆಲ್‌ಗ್ರಿಪ್‌ಗೆ (ಅದರ ಆಲ್ ವೀಲ್ ಡ್ರೈವ್ ಮಾಡೆಲ್‌ಗೆ) 19.38. ಡಸ್ಟರ್‌ನ ವಿಷಯ ಮಾತ್ರ ಸ್ವಲ್ಪ ಬೇರೆ. ಅದರ ಎಡಬ್ಲ್ಯೂಡಿಗೆ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕೊಟ್ಟಿದ್ದರು, ಫ್ರಂಟ್ ವೀಲ್ ಮಾಡೆಲ್‌ಗೆ ಅದಿಲ್ಲ. ಕೆಟ್ಟ ರಸ್ತೆಯಲ್ಲಿ ಅದರ ಓಟ ನನಗೆ ಬಹಳ ಇಷ್ಟ.

ಹಂತ 3: ಟೈರು, ಆಮೇಲೆ ಎಣ್ಣೆ

ಇಡೀ ದಿನ ಬೇಕಾದರೂ ಇದಕ್ಕೇ ಕೊಡಿ. ಬಣ್ಣ, ಸೀಟು, ಮ್ಯೂಸಿಕ್ ಸಿಸ್ಟಮ್ ಎಲ್ಲ ಆಮೇಲೆ.

ನಾಲ್ಕು ಟೈರೂ ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ಸೈಜ್ ಇರಬೇಕು. ಸವೆತವೂ ಹೆಚ್ಚು ಕಡಿಮೆ ಒಂದೇ ಇರಬೇಕು. ಫ್ರಂಟ್ ವೀಲ್ ಗಾಡಿಯಲ್ಲಿ ಮುಂದಿನ ಎರಡು ಹೊಸದು, ಹಿಂದಿನ ಎರಡು ಹಳೆಯದು ಇದ್ದರೆ ಗಾಡಿಗೆ ದೊಡ್ಡ ಹಾನಿಯಿಲ್ಲ. ಆಲ್ ವೀಲ್ ಗಾಡಿಗೆ ಅದು ವಿಷ. ಲೆಕ್ಕ ನೋಡಿ. 215/65 ಆರ್16 ಸೈಜಿನ ಹೊಸ ಟೈರು ಕಿಲೋಮೀಟರಿಗೆ ಸುಮಾರು 464 ಸುತ್ತು ತಿರುಗುತ್ತದೆ. 3 ಮಿ.ಮೀ. ಸವೆದ ಅದೇ ಟೈರು ಸುಮಾರು 468 ಸುತ್ತು. ಪುಣೆಯಿಂದ ಮುಂಬೈಗೆ ಸುಮಾರು 150 ಕಿ.ಮೀ. ಅಂದರೆ ಅಷ್ಟು ದೂರದಲ್ಲಿ ಹಿಂದಿನ ಚಕ್ರ ಮುಂದಿನದಕ್ಕಿಂತ 600 ಸುತ್ತು ಜಾಸ್ತಿ ತಿರುಗುತ್ತದೆ. ಆ ವ್ಯತ್ಯಾಸವನ್ನೆಲ್ಲ ಕಪ್ಲಿಂಗ್ ತಾಳಿಕೊಳ್ಳಬೇಕು. ಒಳಗಿನ ಪ್ಲೇಟುಗಳು ಉಜ್ಜಿ ಉಜ್ಜಿ ಬಿಸಿಯಾಗಿ ಸವೆಯುತ್ತವೆ.

ಟೈರಿನ ಗೀರಿನ ಆಳ ಅಳೆಯುವ ಸಣ್ಣ ಟ್ರೆಡ್ ಗೇಜ್ ಜೇಬಿನಲ್ಲಿರಲಿ. ಪ್ರತಿ ಟೈರನ್ನೂ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆದು ಬರೆದುಕೊಳ್ಳಿ. ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ನಾನಂತೂ 2 ಮಿ.ಮೀ. ದಾಟಿದರೆ ಹೊಸ ನಾಲ್ಕು ಟೈರಿನ ಬೆಲೆ ಕಳೆಯದೆ ಮಾತಾಡುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರು. ಕಪ್ಪಗೆ ಹೊಳೆಯುವ ಪಾಲಿಷ್ ಹೊಡೆದು ಗೀರುಗಳನ್ನು ಮತ್ತೆ ಕೊರೆದಿರುವ ಟೈರೂ ಬರುತ್ತದೆ. ಗೀರಿನ ತಳದಲ್ಲಿ ಉಬ್ಬಿದ ಸಣ್ಣ ಗುರುತು ಕಾಣದಿದ್ದರೆ ಕೊರೆದದ್ದು ಎಂದೇ ತಿಳಿಯಿರಿ. ಅಂಥ ಗಾಡಿ ಬಿಟ್ಟು ಬನ್ನಿ.

ಆಮೇಲೆ ಗಾಡಿಯನ್ನು ಲಿಫ್ಟಿಗೆ ಏರಿಸಬೇಕು. ಇದಕ್ಕೆ ಮಾರುವವರ ಗ್ಯಾರೇಜ್ ಬೇಡ. ನಿಮ್ಮ ಮೆಕ್ಯಾನಿಕ್ ಹತ್ತಿರವೇ ಒಯ್ಯಿರಿ, ಅವರಿಗೆ ದುಡ್ಡು ಕೊಡಿ. ಲಿಫ್ಟಿಗೆ ಹಾಕಲು ಒಪ್ಪದವರ ಗಾಡಿ ಬೇಡವೇ ಬೇಡ. ಮೊದಲು ಪ್ರೊಪೆಲ್ಲರ್ ಶಾಫ್ಟ್ (ಮುಂದಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ದಂಡ), ಹಿಂದಿನ ಡಿಫರೆನ್ಷಿಯಲ್ (ಆ ಶಕ್ತಿಯನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ) ಇವೆಯೇ ನೋಡಿ. ಡಿಕ್ಕಿಯ ಮೇಲಿನ ಅಕ್ಷರಗಳನ್ನು ಯಾರು ಬೇಕಾದರೂ ಅಂಟಿಸಬಹುದು. ಹಿಂದಿನ ಆಕ್ಸಲ್‌ನ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯೇ, ಶಾಫ್ಟಿನ ನಡುವಿನ ಬೇರಿಂಗ್ ಆಡುತ್ತದೆಯೇ ನೋಡಿ. ತಳಕ್ಕೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ನನಗೆ ಅನುಮಾನ. ಅದು ತುಕ್ಕನ್ನೂ ಲೀಕನ್ನೂ ಒಟ್ಟಿಗೆ ಮುಚ್ಚುತ್ತದೆ. ಸಮುದ್ರದ ಪಕ್ಕ ಓಡಿದ ಗಾಡಿಯಲ್ಲಂತೂ ಬೋಲ್ಟುಗಳ ತಲೆ, ಬ್ರೇಕ್ ಪೈಪು ಒಂದೊಂದನ್ನೂ ಟಾರ್ಚ್ ಹಿಡಿದು ನೋಡಬೇಕು.

ಈಗ ಎಣ್ಣೆ. ಹಿಂದಿನ ಡಿಫರೆನ್ಷಿಯಲ್‌ಗೆ ಎರಡು ಪ್ಲಗ್ ಇರುತ್ತವೆ, ಮೇಲೆ ತುಂಬಿಸುವುದು, ಕೆಳಗೆ ಖಾಲಿ ಮಾಡುವುದು. ಯಾವಾಗಲೂ ಮೇಲಿನದನ್ನೇ ಮೊದಲು ಬಿಚ್ಚಿಸಿ. ಕೆಳಗಿನದು ಬಿಚ್ಚಿ ಎಣ್ಣೆ ಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಬೆರಳು ಹಾಕಿ ಸ್ವಲ್ಪ ಎಣ್ಣೆ ತೆಗೆದು ಬಿಳಿ ಕಾಗದದ ಮೇಲೆ ಒರೆಸಿ. ಜೇನಿನ ಬಣ್ಣದಿಂದ ಕಂದುವರೆಗೆ ಏನಿದ್ದರೂ ಪರವಾಗಿಲ್ಲ. ಹಾಲು ಹಾಕಿದ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ, ಬಹುಶಃ ಗಾಡಿ ನೀರಿನಲ್ಲಿ ಮುಳುಗಿತ್ತು. 2005ರ ಜುಲೈ 26ರಂದು ಮುಂಬೈ ಮುಳುಗಿದ್ದು, 2019ರ ಸೆಪ್ಟೆಂಬರಿನಲ್ಲಿ ಪುಣೆಯ ಓಣಿಗಳಲ್ಲಿ ಕಾರುಗಳು ತೇಲಿದ್ದು ನಿಮಗೆ ನೆನಪಿರಬಹುದು. ಅಂಥ ಗಾಡಿಯ ಸೀಟು ತೊಳೆದು ಒಣಗಿಸಿ ಮಾರಬಹುದು. ಡಿಫರೆನ್ಷಿಯಲ್ ಒಳಗಿನ ಎಣ್ಣೆ ಬದಲಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಕೆಳಗಿನ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದಕ್ಕೆ ನುಣ್ಣನೆಯ ಬೂದು ಪೇಸ್ಟ್ ಅಂಟಿರುವುದು ಸಹಜ. ಉಗುರಿಗೆ ಸಿಗುವಷ್ಟು ದೊಡ್ಡ ಲೋಹದ ಚೂರು ಇದ್ದರೆ ಗೇರಿನ ಹಲ್ಲು ಮುರಿಯುತ್ತಿದೆ ಎಂದರ್ಥ. ಭೋಸರಿಯಲ್ಲಿ ನಾನು ನಂಬುವ ಮೆಕ್ಯಾನಿಕ್ ಒಬ್ಬರಿದ್ದಾರೆ, ಕಲಬುರಗಿ ಕಡೆಯವರು. ಗಿರಾಕಿ ಬಂದು ಡೆಂಟ್, ಸ್ಕ್ರ್ಯಾಚ್ ತೋರಿಸತೊಡಗಿದರೆ ಅವರು ಹೇಳುವುದು ಇಷ್ಟೇ: "ಮೊದ್ಲ ಎಣ್ಣಿ ನೋಡ್ರಿ, ಬಣ್ಣ ಆಮ್ಯಾಲ ನೋಡ್ರಂತ." ಗೊರಗೊರ ಸದ್ದು ಅಡಗಿಸಲು ಗೇರ್ ಎಣ್ಣೆಗೆ ಬೆರೆಸುವ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ಕೊಳ್ಳಬೇಡಿ. ಸವೆದ ಬೇರಿಂಗನ್ನು ಯಾವ ಡಬ್ಬಿಯೂ ಸರಿ ಮಾಡುವುದಿಲ್ಲ, ಸದ್ದು ಅಡಗಿದರೆ ನಿಮಗೆ ತಿಳಿಯುವುದು ತಡವಾಗುತ್ತದೆ ಅಷ್ಟೆ.

ಹಂತ 4: ಓಡಿಸಿ ನೋಡುವುದು

ಇಗ್ನಿಷನ್ ಆನ್ ಮಾಡಿದಾಗ ಎಬಿಎಸ್ ಮತ್ತಿತರ ಎಚ್ಚರಿಕೆ ದೀಪಗಳು ಹೊತ್ತಿ, ಸ್ವಲ್ಪ ಹೊತ್ತಿಗೆ ಆರಬೇಕು. ಹೊತ್ತದೇ ಇದ್ದರೆ ಯಾರೋ ಕೈ ಹಾಕಿದ್ದಾರೆ.

ಖಾಲಿ ಜಾಗದಲ್ಲಿ, ಬೇಕಾದಾಗ ಮಾತ್ರ ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಆಟೋ ಮೋಡ್‌ನಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ನಡೆಯುವ ವೇಗದಲ್ಲಿ ಒಂದು ಸುತ್ತು ಬನ್ನಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಗಾಡಿ ಸಲೀಸಾಗಿ ಉರುಳಬೇಕು. ಹ್ಯಾಂಡ್ ಬ್ರೇಕ್ ಅರ್ಧ ಎಳೆದಂತೆ ಹಿಡಿದು ಹಿಡಿದು ಜಿಗಿದರೆ ಕಪ್ಲಿಂಗ್ ಅಂಟಿಕೊಂಡಿದೆ, ಇಲ್ಲವೇ ಟೈರುಗಳು ಹೊಂದುತ್ತಿಲ್ಲ. ಮುಂದಿನಿಂದ ಟಕ್ ಟಕ್ ಎಂದರೆ ಅದು ಮುಂದಿನ ಆಕ್ಸಲ್ ಜಾಯಿಂಟ್, ಫ್ರಂಟ್ ವೀಲ್ ಗಾಡಿಯಲ್ಲೂ ಬರುವಂಥದ್ದು.

ಹಿಂದಿನ ಚಕ್ರಕ್ಕೂ ಶಕ್ತಿ ಹೋಗುವಂತೆ ಕಪ್ಲಿಂಗನ್ನು ಹಿಡಿದಿಡುವ ಲಾಕ್ ಮೋಡ್ ಅನ್ನು ಒಣ ಡಾಂಬರಿನಲ್ಲಿ ತಿರುವಿ ಪರೀಕ್ಷಿಸಬೇಡಿ, ಅಲ್ಲಿ ಸರಿಯಿರುವ ಗಾಡಿಯೂ ಎಳೆದಾಡುತ್ತದೆ. ಗರಸು ಮಣ್ಣಿನ ಏರು ಹುಡುಕಿ. ಚಾಕಣ ಸುತ್ತಮುತ್ತ ಲೇಔಟ್ ಹಾಕುವ ಕಡೆ ಬೇಕಾದಷ್ಟು ಸಿಗುತ್ತದೆ. ಲಾಕ್ ಹಾಕಿ ನಿಂತಲ್ಲಿಂದ ಸ್ವಲ್ಪ ಜೋರಾಗಿ ಹೊರಡಿ. ಜೊತೆಗೆ ಬಂದವರು ಪಕ್ಕದಲ್ಲಿ, ದೂರ ನಿಂತು ಹಿಂದಿನ ಚಕ್ರವನ್ನೇ ನೋಡಲಿ. ಹಿಂದಿನ ಚಕ್ರವೂ ಕಲ್ಲು ಎರಚಬೇಕು. ಮುಂದಿನದು ಮಾತ್ರ ಎರಚಿ ಹಿಂದಿನದು ಸುಮ್ನೆ ಉರುಳಿದರೆ ನೀವು ಆಲ್ ವೀಲ್ ಬೆಲೆಗೆ ಫ್ರಂಟ್ ವೀಲ್ ಕೊಳ್ಳುತ್ತಿದ್ದೀರಿ.

ಕೊನೆಗೆ ಕಿಟಕಿ ಮುಚ್ಚಿ, ಹಾಡು ನಿಲ್ಲಿಸಿ, ಗಂಟೆಗೆ 60ರಿಂದ 80ರಲ್ಲಿ ಹೋಗಿ. ಹಿಂದಿನಿಂದ ಬರುವ ಗುಂಯ್ ಸದ್ದು ಆಕ್ಸಿಲರೇಟರ್ ಬಿಟ್ಟಾಗ ಬದಲಾದರೆ ಡಿಫರೆನ್ಷಿಯಲ್. ಸ್ಟೀರಿಂಗ್ ಎಡಬಲ ಆಡಿಸಿದಾಗ ಬದಲಾದರೆ ವೀಲ್ ಬೇರಿಂಗ್, ಅದಕ್ಕೆ ಖರ್ಚು ಕಡಿಮೆ.

ಹಂತ 5: ಕಾಗದ

ಗಾಡಿ ನಿಮ್ಮ ಹೆಸರಿಗೆ ಆಗಲು ಫಾರ್ಮ್ 29, 30, ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35. ಊರಿಗೆ ಒಯ್ದು ಕೆಎ ನಂಬರ್ ಮಾಡಿಸುವುದಾದರೆ ಫಾರ್ಮ್ 28ರ ಎನ್‌ಒಸಿ, ಕರ್ನಾಟಕದ ಟ್ಯಾಕ್ಸ್ ಲೆಕ್ಕಕ್ಕೆ ಸೇರಿಸಿ.

ಆಲ್ ವೀಲ್ ಡ್ರೈವ್ ಕೊಂಡಿದ್ದರೆ ಮೊದಲ ವಾರದಲ್ಲೇ ಹಿಂದಿನ ಡಿಫರೆನ್ಷಿಯಲ್, ಹಿಂದಕ್ಕೆ ಶಕ್ತಿ ಕಳಿಸುವ ಗೇರ್‌ಬಾಕ್ಸ್ ಪಕ್ಕದ ಟ್ರಾನ್ಸ್‌ಫರ್ ಯೂನಿಟ್, ಬೇರೆ ಎಣ್ಣೆ ಇದ್ದರೆ ಕಪ್ಲಿಂಗ್, ಎಲ್ಲದರ ಎಣ್ಣೆ ಬದಲಿಸಿ. ಮಾರಿದವರು ಬದಲಿಸಿದ್ದೇವೆ ಎಂದರೂ ಬದಲಿಸಿ. ಒಂದು ಟೈರು ಸಿಡಿದರೆ ಒಂದೇ ಹೊಸದು ಹಾಕಿಸಬೇಡಿ, ಅಷ್ಟೇ ಸವೆದ ಅದೇ ಮಾಡೆಲ್ ಹುಡುಕಿ, ಇಲ್ಲವೇ ನಾಲ್ಕೂ ಬದಲಿಸಿ. ದಾರಿಯಲ್ಲಿ ಕೆಟ್ಟು ನಿಂತರೆ ಮುಂದಿನ ಚಕ್ರ ಮಾತ್ರ ಎತ್ತಿ ಎಳೆದೊಯ್ಯುವ ಕ್ರೇನ್‌ಗೆ ಒಪ್ಪಬೇಡಿ. ಪೂರ್ತಿ ಗಾಡಿ ಹೇರಿಕೊಂಡು ಹೋಗುವ ಫ್ಲ್ಯಾಟ್‌ಬೆಡ್ಡೇ ಬೇಕು ಎಂದು ಫೋನಿನಲ್ಲೇ ಹೇಳಿ, ಬರುವವರೆಗೆ ಕಾಯಿರಿ.